ಒಳಮೈಯ ಚುಕ್ಕೆ

ಜೂನ್ 3, ಸೋಮವಾರ

ಪ್ಲಾಸ್ಟರ್ ಮಾರುವವನು ಹೊಸ ವರ್ಷಕ್ಕೆಂದು ಕೊಟ್ಟಿದ್ದ ಈ ಡೈರಿ ಐದು ತಿಂಗಳು ಕಪಾಟಿನಲ್ಲಿ ಮಲಗಿತ್ತು. ಇವತ್ತು ಹೆಂಡತಿ ಧೂಳು ಕೊಡವಿ ತಂದು ಮುಂದಿಟ್ಟಳು. “ನಿಮ್ಮ ಗೊಣಗಾಟನೆಲ್ಲ ಇನ್ಮೇಲೆ ಇದ್ರಲ್ಲಿ ಬರ್ಕೊಳ್ಳಿ. ನನ್ನ ಕಿವಿಗೂ ರಜ ಬೇಕು” ಎಂದಳು. ಓದುವವರು ಯಾರೂ ಇಲ್ಲ, ಹಾಗಾಗಿ ನಿಜವನ್ನೇ ಬರೆಯಬಹುದು.

ಮೊದಲ ಪುಟದಲ್ಲಿ ಹೆಸರು, ರಕ್ತದ ಗುಂಪು, ಉದ್ಯೋಗ ಎಂದು ಗೆರೆಗಳಿವೆ. ಹೆಸರು ನನಗೆ ಗೊತ್ತಿರುವುದೇ, ಬಿಟ್ಟೆ. ಉದ್ಯೋಗದ ಮುಂದೆ ‘ಹಲ್ಲು ಮಾಡುವುದು’ ಎಂದು ಬರೆದೆ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ನಾನು ಪ್ಲಾಸ್ಟರಿನಲ್ಲಿ ವಸಡಿನ ಅಚ್ಚು ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಆಮೇಲೆ ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ಸೆಟ್ಟು ಮಾಡುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಹಲ್ಲು ಹಾಕಿಕೊಂಡವರು ನನ್ನ ಮುಖ ನೋಡಿಲ್ಲ, ನಾನೂ ಅವರ ಮುಖ ನೋಡಿಲ್ಲ. ಬಾಯಿ ಮಾತ್ರ ಗೊತ್ತು.

ಇನ್ನು ಗೊಣಗಾಟ. ನಿನ್ನೆ ಡಾಕ್ಟರಿಗೆ ಸನ್ಮಾನ. ಊರಾಚೆಯ ವೃದ್ಧಾಶ್ರಮದ ನಲವತ್ತು ಮಂದಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುತ್ತಿದ್ದಾರೆ, ಅದಕ್ಕೆ. ಇಪ್ಪತ್ತೆರಡು ಆಗಿವೆ, ಹದಿನೆಂಟು ಬಾಕಿ. ವೇದಿಕೆಯ ಹಿಂದೆ ‘ನಿಸ್ವಾರ್ಥ ಸೇವೆಗೆ ನಮನ’ ಎಂದು ಬ್ಯಾನರು. ಡಾಕ್ಟರು ಭಾಷಣದಲ್ಲಿ ತಂದೆ, ತಾಯಿ, ಹೆಂಡತಿ, ಕೊನೆಗೆ ಮೈಕಿನವನಿಗೂ ಕೃತಜ್ಞತೆ ಹೇಳಿದರು. ಇಪ್ಪತ್ತೆರಡು ಬಾಯಿಗಳಿಗೆ ಆರುನೂರು ಹಲ್ಲು ಜೋಡಿಸಿದವನು ನಾಲ್ಕನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಹೊರಡುವಾಗ ಡಾಕ್ಟರು ಹೆಗಲು ತಟ್ಟಿ, “ಏನ್ ಮೇಸ್ತ್ರಿ, ಊಟ ಆಯ್ತಾ?” ಎಂದರು. ಮೇಸ್ತ್ರಿಯಂತೆ! ನಾನೇನು ಗೋಡೆ ಕಟ್ಟುತ್ತೇನೆಯೇ?

ನನಗೆ ಕೆಲಸ ಕಲಿಸಿದ ಗುರುಗಳು ಹೇಳುತ್ತಿದ್ದರು, “ಹಲ್ಲು ಹಾಕ್ಕೊಂಡಿದ್ದೀನಿ ಅನ್ನೋದನ್ನೇ ಹಾಕ್ಕೊಂಡೋನು ಮರೀಬೇಕು. ಅದು ಒಳ್ಳೆ ಸೆಟ್ಟು.” ಮರೆತರು ಗುರುಗಳೇ. ಚೆನ್ನಾಗಿಯೇ ಮರೆತರು, ಮಾಡಿದವನನ್ನೂ ಸೇರಿಸಿ.

ಜೂನ್ 5, ಬುಧವಾರ

ಒಂದು ಉಪಾಯ ಹೊಳೆಯಿತು. ಪ್ಲಾಸ್ಟರ್ ಅಚ್ಚಿನಲ್ಲಿ, ಕೆಳಗಿನ ವಸಡಿನ ಎಡಬದಿಗೆ, ನಾಲಿಗೆಯ ಕಡೆ, ಸೂಜಿಯ ಮೊನೆಯಿಂದ ಪುಟ್ಟ ಕುಳಿ ಮಾಡಿದೆ. ಅಕ್ರಿಲಿಕ್ ಅದರೊಳಕ್ಕೆ ಇಳಿದು, ಸೆಟ್ಟಿನ ಒಳಮೈಯಲ್ಲಿ ಒಂದು ಚುಕ್ಕೆ ಎದ್ದು ನಿಂತಿತು. ಸಾಸಿವೆಗಿಂತ ಚಿಕ್ಕದು. ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ಸಿಗುತ್ತದೆ. ಅದು ನನ್ನ ರುಜು.

ಆಶ್ರಮದ ಬಾಕಿ ಹದಿನೆಂಟಕ್ಕೂ ಹಾಕುತ್ತೇನೆ. ಸನ್ಮಾನದ ಫಲಕ ಡಾಕ್ಟರ ಮೇಜಿನ ಮೇಲಿರಲಿ, ನಾನು ಜನರ ಬಾಯಲ್ಲೇ ಇರುತ್ತೇನೆ. ಬಹಳ ದಿನದ ಮೇಲೆ ಶಿಳ್ಳೆ ಹಾಕುತ್ತ ಕೆಲಸ ಮಾಡಿದೆ.

ಜೂನ್ 9, ಭಾನುವಾರ

ಅಮ್ಮನ ಹೊಸ ಸೆಟ್ಟು ಮುಗಿಯಿತು. ಹಳೆಯದಕ್ಕೆ ಹನ್ನೊಂದು ವರ್ಷ, ಮಾತಾಡಿದರೆ ಕಟಕಟ ಎನ್ನುತ್ತಿತ್ತು. ಅಳತೆಯನ್ನು ಡಾಕ್ಟರು ಕಳೆದ ತಿಂಗಳೇ ತೆಗೆದುಕೊಟ್ಟಿದ್ದರು. ಸೆಟ್ಟು ತಯಾರಾದ ಮೇಲೆ ಅವರೇ ಬಾಯಿಗೆ ಕೂರಿಸಿ, ಎಲ್ಲಿ ಒತ್ತುತ್ತದೆ ನೋಡಿ, ಉಜ್ಜಿ ಕೊಡುವುದು ಪದ್ಧತಿ. ಬೇಡ ಎಂದುಕೊಂಡೆ. ನನ್ನ ತಾಯಿಯ ಬಾಯಿ ನನಗೆ ಗೊತ್ತಿಲ್ಲವೇ? ನೇರ ಮನೆಗೇ ತಂದೆ.

ಅಮ್ಮ ಹಾಕಿಕೊಂಡು ಕನ್ನಡಿ ನೋಡಿದಳು. ಎಪ್ಪತ್ತಾರರ ಮುಖ ಅರವತ್ತಕ್ಕೆ ಬಂತು. “ನನ್ನ ಮಗ ಮಾಡಿದ್ದು” ಎಂದು ಪಕ್ಕದ ಮನೆಯವರಿಗೆ, ಪೇಪರಿನವನಿಗೆ, ಎದುರು ಸಿಕ್ಕ ಬೆಕ್ಕಿಗೂ ಹಲ್ಲು ಕಿರಿದು ತೋರಿಸಿದಳು. ಒಬ್ಬರಾದರೂ ಹೇಳಿದರಲ್ಲ!

ಅಮ್ಮನದಕ್ಕೂ ರುಜು ಹಾಕಿದ್ದೇನೆ. ಅಮ್ಮನದೆಂದು ಸ್ವಲ್ಪ ದೊಡ್ಡದಾಗಿಯೇ.

ಜೂನ್ 16, ಭಾನುವಾರ

ಅಕ್ಕನ ಗಂಡ ತತ್ತ್ವಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಎಲ್ಲರಿಗೂ ಅವರು ‘ವೇದಾಂತಿ’. ಅಕ್ಕ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾಳೆ. ಇವತ್ತು ಗ್ರಂಥಾಲಯದ ಸಭಾಂಗಣದಲ್ಲಿ ‘ಕರ್ಮ ಮತ್ತು ನಿಷ್ಕಾಮ ಕರ್ಮ’ ಎಂದು ಉಪನ್ಯಾಸ ಕೊಟ್ಟು, ಅಲ್ಲಿಂದ ಸೀದಾ ನಮ್ಮಲ್ಲಿಗೆ ಚಹಾ ಕುಡಿಯಲು ಬಂದರು. ನಾನು ಸನ್ಮಾನದ ಕತೆಯನ್ನೆಲ್ಲ ಅವರಿಗೆ ಒಪ್ಪಿಸಿದೆ.

“ಕರ್ಮ ಅಂದ್ರೆ ಜನ ಹಣೆಬರಹ ಅಂದ್ಕೊಂಡಿದ್ದಾರೆ. ಅಲ್ಲ ಕಣಯ್ಯಾ. ಕರ್ಮ ಅಂದ್ರೆ ಕೆಲಸ, ಅಷ್ಟೇ” ಎಂದರು. “ಮಾಡಿದ ಮೇಲೆ ಅದರಿಂದ ಒಂದಲ್ಲ ಒಂದು ಆಗೇ ಆಗುತ್ತೆ. ನಮ್ಮನ್ನ ಕಟ್ಟಿಹಾಕೋದು ಕೆಲಸ ಅಲ್ಲ, ‘ನಾನು ಮಾಡ್ದೆ, ನನಗೇನು ಸಿಕ್ತು’ ಅನ್ನೋ ಗಂಟು.”

“ಏನೂ ಸಿಗೋ ಹಾಗಿಲ್ಲ ಅಂದ್ರೆ ಮಾಡೋದಾದ್ರೂ ಯಾಕೆ ಭಾವ? ನಾಳೆಯಿಂದ ವಕ್ರವಕ್ರವಾಗಿ ಹಲ್ಲು ಜೋಡಿಸಿ ಕಳಿಸ್ತೀನಿ.”

“ನೋಡು, ಅಲ್ಲೇ ಎಡವೋದು ಎಲ್ಲರೂ. ಫಲ ಬೇಡ ಅಂದ್ರೆ ಕೆಲಸ ಹೇಗಾದ್ರೂ ಇರ್ಲಿ ಅಂತಲ್ಲ. ನಿನ್ನ ಗಮನ ಅರ್ಧ ಚಪ್ಪಾಳೆ ಕಡೆ ಇದ್ರೆ, ಕೆಲಸಕ್ಕೆ ಉಳಿಯೋದು ಅರ್ಧ. ಪೂರ್ತಿ ಕೆಲಸಕ್ಕೇ ಕೊಡು ಅಂತ ಅದರ ಅರ್ಥ.”

“ಅದಿರ್ಲಿ, ಇವತ್ತು ಉಪನ್ಯಾಸಕ್ಕೆ ಎಷ್ಟು ಜನ ಬಂದಿದ್ರು?”

“ಏಳು” ಎಂದರು ಥಟ್ಟನೆ. ಆಮೇಲೆ ಅವರಿಗೇ ನಗು ಬಂತು. “ಕಾವಲುಗಾರನ್ನೂ ಸೇರ್ಸಿ. ಎಣಿಸ್ದೆ ಕಣಯ್ಯಾ, ಏನ್ಮಾಡ್ಲಿ? ಇದು ಸುಲಭ ಅಂತ ನಾನೆಲ್ಲಿ ಹೇಳ್ದೆ?”

ಭಾವ ಒಳ್ಳೆಯವರು. ಆದರೆ ಪಿಂಚಣಿ ಬರುವವರಿಗೆ ವೇದಾಂತ ಸಲೀಸು. ಚಹಾದ ಜೊತೆ ರಸ್ಕು ಇಟ್ಟಿದ್ದಳು ಹೆಂಡತಿ. ಅಮ್ಮ ತನ್ನದನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದಳು. ಹೊಸ ಹಲ್ಲಿದೆ, ಕಡಿಯಬಾರದೇ ಎಂದೆ. “ಹಳೇ ಅಭ್ಯಾಸ” ಎಂದಳು.

ಜೂನ್ 20, ಗುರುವಾರ

ಅಮ್ಮ ಊಟ ಅರ್ಧಕ್ಕೇ ಬಿಡುತ್ತಿದ್ದಾಳೆ. ಕೇಳಿದರೆ ನಾಲಿಗೆ ಕಚ್ಚಿಕೊಂಡೆ ಎನ್ನುತ್ತಾಳೆ. “ಅತ್ತೆ ಕೈಬಳೆ ಮೊಣಕೈ ತನಕ ಹೋಗ್ತಿದೆ, ನೋಡಿದ್ರಾ?” ಎಂದು ಹೆಂಡತಿ ಕೇಳಿದಳು. ನಾನು ನೋಡಿರಲಿಲ್ಲ.

ಆಶ್ರಮದ ಹದಿನಾಲ್ಕು ಸೆಟ್ಟು ಮುಗಿದವು, ಇನ್ನು ನಾಲ್ಕು. ಎಲ್ಲದಕ್ಕೂ ರುಜು ಇದೆ.

ಜೂನ್ 22, ಶನಿವಾರ

ಬಲವಂತ ಮಾಡಿ ಅಮ್ಮನ ಬಾಯಿ ತೆರೆಸಿ ಟಾರ್ಚು ಬಿಟ್ಟೆ. ಕೆಳಗೆ, ನಾಲಿಗೆಯ ಪಕ್ಕ, ಬಿಳಿ ಅಂಚಿನ ಒಂದು ಹುಣ್ಣು. ಅಮ್ಮನ ತಮ್ಮ, ನನ್ನ ಸೋದರಮಾವ, ಹೋದದ್ದು ಹೀಗೇ. ಮೊದಲು ಬಾಯಿಯಲ್ಲಿ ಒಂದು ಹುಣ್ಣು, ಏನಿಲ್ಲ ಏನಿಲ್ಲ ಎಂದು ಎರಡು ತಿಂಗಳು, ಆಮೇಲೆ ಎಂಟೇ ತಿಂಗಳು. ಆ ಎಂಟು ತಿಂಗಳು ಅಮ್ಮನೇ ಅವರಿಗೆ ಗಂಜಿ ಕುಡಿಸಿದ್ದು.

ಅಮ್ಮನಿಗೂ ಅದೇ ನೆನಪಾಗಿದೆ. ಬಾಯಿ ಮುಚ್ಚಿಕೊಂಡು, “ಯಾವ ಜನ್ಮದ ಕರ್ಮವೋ, ಅನುಭವಿಸಬೇಕು” ಎಂದಳು, ಬೆಲೆ ಏರಿದ ತರಕಾರಿಯ ಬಗ್ಗೆ ಹೇಳುವ ದನಿಯಲ್ಲಿ.

ಜೂನ್ 24, ಸೋಮವಾರ

ದೊಡ್ಡಾಸ್ಪತ್ರೆ. ಬಾಯಿಯ ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಿಧಾನವಾಗಿ ನೋಡಿದರು.

“ಹಲ್ಲಿನ ಸೆಟ್ಟು ಹೊಸದಾ?”

“ಎರಡು ವಾರ ಆಯ್ತು. ಅದ್ರಿಂದ ಆಗಿರೋಕೆ ಸಾಧ್ಯ ಇಲ್ಲ ಡಾಕ್ಟರೇ” ಎಂದೆ. “ಅದನ್ನ ಮಾಡಿದ್ದು ನಾನು.”

ಅವರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. “ಆದ್ರೂ ಎರಡು ವಾರ ತೆಗೆದಿಡ್ಲಿ. ಸೆಟ್ಟಿಂದ ಆಗಿದ್ರೆ ಅಷ್ಟರಲ್ಲಿ ಮಾಯುತ್ತೆ. ಮಾಯಲಿಲ್ಲ ಅಂದ್ರೆ ಸ್ವಲ್ಪ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ.”

ದಾರಿಯಲ್ಲಿ ನನಗೆ ಸಂಕಟ, ಅದರ ಜೊತೆಗೆ ಸಿಟ್ಟೂ ಬಂತು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಸೆಟ್ಟು ಯಾರಿಗೂ ಹುಣ್ಣು ಮಾಡಿದ್ದಿಲ್ಲ. ಅಮ್ಮ ನನ್ನ ತೋಳು ಹಿಡಿದುಕೊಂಡು ನಡೆಯುತ್ತಿದ್ದವಳು, “ಅವಳಿಗೇನು ಗೊತ್ತು, ಚಿಕ್ಕ ಹುಡುಗಿ. ಹಲ್ಲು ಚಿನ್ನದ ಹಾಗಿದೆ ಕಣೋ” ಎಂದಳು. ತನ್ನ ಬಾಯಿ ಉರಿಯುತ್ತಿರುವಾಗ ನನ್ನನ್ನು ಸಮಾಧಾನ ಮಾಡುತ್ತಾಳೆ.

ಜುಲೈ 2, ಮಂಗಳವಾರ

ಇವತ್ತು ಡಾಕ್ಟರು ಹಿಂದಿನ ಕೋಣೆಗೆ ಬಂದು, “ಮೇಸ್ತ್ರಿ, ಆಶ್ರಮದಲ್ಲಿ ಕೆಲವರು ಸೆಟ್ಟು ಹಾಕ್ಕೊಳ್ತಾನೇ ಇಲ್ವಂತೆ. ಒಬ್ಬರು ಜೇಬಲ್ಲಿ ಇಟ್ಕೊಂಡು ಓಡಾಡ್ತಾರಂತೆ. ಚುಚ್ಚುತ್ತೆ ಅಂತಾರೆ” ಎಂದರು.

ಅಳತೆ ತೆಗೆದವರು ನೀವು ಎಂದು ಬಾಯಿ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ತಡೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವರೇ, “ಅಭ್ಯಾಸ ಆಗ್ಬೇಕು, ವಯಸ್ಸಾದವರಲ್ವಾ” ಎಂದು ಹೋದರು. ಎದ್ದು ಹೋಗಿ ನೋಡುವಷ್ಟು ಮನಸ್ಸು ನನಗಿಲ್ಲ. ತಲೆಯ ತುಂಬ ಅಮ್ಮನ ಹುಣ್ಣು.

ಜುಲೈ 6, ಶನಿವಾರ

ಮಾಯುತ್ತಿಲ್ಲ.

ಜುಲೈ 8, ಸೋಮವಾರ

ಚೂರು ತೆಗೆದರು. ಅಮ್ಮ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಶಬ್ದ ಮಾಡಲಿಲ್ಲ. ಸೆಟ್ಟು ಹಾಕಿಕೊಳ್ಳುತ್ತಿಲ್ಲ ತಾನೇ ಎಂದು ಡಾಕ್ಟರಮ್ಮ ಕೇಳಿದರು. ಅಮ್ಮ ಇಲ್ಲ ಎಂದು ತಲೆಯಾಡಿಸಿದಳು. ಡಾಕ್ಟರಮ್ಮನ ಮುಖ ಸ್ವಲ್ಪ ಗಂಭೀರವಾಯಿತು. ರಿಪೋರ್ಟು ಬರುವ ಸೋಮವಾರ.

ಮನೆಗೆ ಬಂದ ಮೇಲೆ ಭಾವ ಬಂದರು. ಅಮ್ಮ ಮತ್ತೆ ಹೋದ ಜನ್ಮದ ವಿಷಯ ತೆಗೆದಳು. ಅವರು ಇವತ್ತು ಉಪನ್ಯಾಸ ಮಾಡಲಿಲ್ಲ. “ಅತ್ತೆ, ಅಷ್ಟು ದೂರ ಯಾಕೆ ಹೋಗ್ತೀರಿ? ಹೋದ ಜನ್ಮದ್ದನ್ನ ಯಾರು ನೋಡಿದ್ದಾರೆ? ಈಗ ಬಿಸಿ ಇಲ್ಲದ ಹಾಲು ಕುಡೀರಿ, ಅದು ಕೈಲಿರೋ ಕೆಲಸ” ಎಂದು ಲೋಟವನ್ನು ತಾವೇ ತಂದುಕೊಟ್ಟರು. ಅಮ್ಮ ಪೂರ್ತಿ ಕುಡಿದಳು.

ಜುಲೈ 11, ಗುರುವಾರ

ಕೆಲಸಕ್ಕೆ ಹೋದೆ. ಒಬ್ಬರ ಕೆಳಗಿನ ಸೆಟ್ಟು ಇತ್ತು. ಮೇಣದಲ್ಲಿ ಹಲ್ಲು ಜೋಡಿಸುವಾಗ ಇದು ಯಾರದ್ದೋ ಅಮ್ಮನ ಬಾಯಿ ಇರಬಹುದು ಎನಿಸಿತು. ಎರಡು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ರುಜುವಿನ ನೆನಪೇ ಬರಲಿಲ್ಲ.

ಜುಲೈ 14, ಭಾನುವಾರ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅವಳ ಕೋಣೆಯ ಕಿಟಕಿಯ ಮೇಲೆ ಹಲ್ಲಿನ ಬಟ್ಟಲು. ಮೂರು ವಾರದಿಂದ ಹಾಕದ ಸೆಟ್ಟು, ನೀರಾದರೂ ಬದಲಿಸೋಣ ಎಂದು ಎತ್ತಿದೆ. ಹಲ್ಲಿನ ಸಂದಿಯಲ್ಲಿ ಬ್ರೆಡ್ಡಿನ ಚೂರು. ನಿನ್ನೆ ಸಂಜೆ ನಾನು ಬರುವ ಮೊದಲು ಅಮ್ಮ ತಿಂದದ್ದು ಬ್ರೆಡ್ಡು.

ಹೆಂಡತಿಯನ್ನು ಕರೆದು ಕೇಳಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು. “ನೀವು ಮನೆಯಿಂದ ಹೊರಟ ಕೂಡ್ಲೇ ಹಾಕ್ಕೊಳ್ತಾರೆ. ನೀವು ಬಾಗಿಲು ತಟ್ಟಿದಾಗ ತೆಗೀತಾರೆ. ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡಿದ್ರು.”

“ಯಾಕೆ?”

“ಆಸ್ಪತ್ರೇಲಿ ‘ನಾನೇ ಮಾಡಿದ್ದು’ ಅಂದಾಗ ನಿಮ್ಮ ಮುಖ ಹೆಂಗಾಗಿತ್ತು ಅಂತ ನಿಮಗೆ ಗೊತ್ತಿಲ್ಲ. ಅವರಿಗೆ ಗೊತ್ತು. ಮಗ ಪ್ರೀತಿಯಿಂದ ಮಾಡಿದ್ದು, ಬಟ್ಟಲಲ್ಲಿ ಬಿದ್ದಿದ್ರೆ ಅವನ ಕೆಲಸಕ್ಕೆ ಅವಮಾನ ಅಂತಾರೆ. ಹುಣ್ಣಿಗೂ ಹಲ್ಲಿಗೂ ಸಂಬಂಧ ಇಲ್ಲ ಅಂತ ನೀವೇ ಹೇಳಿದ್ದೀರಲ್ಲ. ನಾನೂ ನಂಬ್ಕೊಂಡೆ.”

ನಾನು ಕಿಟಕಿಯ ಹತ್ತಿರ ನಿಂತು ಸೆಟ್ಟನ್ನು ತಿರುಗಿಸಿ ಹೆಬ್ಬೆರಳು ಆಡಿಸಿದೆ. ಎಡಬದಿ, ನಾಲಿಗೆಯ ಕಡೆ. ಸಿಕ್ಕಿತು. ಸ್ವಲ್ಪ ದೊಡ್ಡದಾಗಿಯೇ.

ನಮ್ಮ ಕೆಲಸದಲ್ಲಿ ಒಂದು ನೇರಳೆ ಪೆನ್ಸಿಲ್ ಇದೆ. ಸೆಟ್ಟಿನ ಮೇಲೆ ಗುರುತು ಹಾಕಿ ಬಾಯಿಗಿಟ್ಟರೆ ವಸಡಿನ ಮೇಲೆ ಬಣ್ಣ ಮೂಡುತ್ತದೆ, ಎಲ್ಲಿ ಒತ್ತುತ್ತಿದೆ ಎಂದು ತಿಳಿಯುತ್ತದೆ. ಡಾಕ್ಟರು ಅಂದು ಅಮ್ಮನನ್ನು ಕೂರಿಸಿಕೊಂಡಿದ್ದರೆ ಎರಡು ನಿಮಿಷದಲ್ಲಿ ಇದನ್ನೇ ಮಾಡುತ್ತಿದ್ದರು. ಚುಕ್ಕೆಗೆ ಬಣ್ಣ ಹಚ್ಚಿ, ಸ್ನಾನ ಮುಗಿಸಿ ಬಂದ ಅಮ್ಮನ ಬಾಯಿಗೆ ಒಂದೇ ಒಂದು ಸಲ ಇಟ್ಟು ತೆಗೆದೆ. ಟಾರ್ಚು ಬಿಟ್ಟೆ.

ಹುಣ್ಣಿನ ನಟ್ಟನಡುವೆ ನೇರಳೆ ಬೊಟ್ಟು.

“ಏನೋ ಅದು?” ಎಂದಳು ಅಮ್ಮ. “ಏನಿಲ್ಲಮ್ಮ. ಇನ್ನು ಇದನ್ನ ಹಾಕ್ಕೋಬೇಡ. ನನ್ನಾಣೆ” ಎಂದೆ. ಹಳೆಯ ಕಟಕಟ ಸೆಟ್ಟನ್ನು ಪೆಟ್ಟಿಗೆಯಿಂದ ಹುಡುಕಿ ತೊಳೆದೆ. ಹುಣ್ಣು ಮಾಯ್ದ ಮೇಲೆ ಅದು.

ಅಮ್ಮ ತನ್ನ ಹೋದ ಜನ್ಮದ ಕರ್ಮ ಎನ್ನುತ್ತಿದ್ದಳು. ಇದು ಹೋದ ತಿಂಗಳಿನದು, ಅವಳದ್ದೂ ಅಲ್ಲ.

ಆದರೆ ಖಾತ್ರಿ ಏನು? ಚುಕ್ಕೆ ಅಲ್ಲಿ ಒತ್ತುತ್ತಿತ್ತು ಎನ್ನುವುದು ನಿಜ. ಅದರ ಜೊತೆ ಇನ್ನೊಂದು ಇಲ್ಲ ಎಂದು ನೇರಳೆ ಪೆನ್ಸಿಲ್ ಹೇಳುವುದಿಲ್ಲ. ನಾಳೆ ರಿಪೋರ್ಟು. ದೇವರೇ, ತಪ್ಪೆಲ್ಲ ನನ್ನದೇ ಆಗಿರಲಿ. ಪೂರ್ತಿ ನನ್ನದೇ ಆಗಿರಲಿ. ನನ್ನ ಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಜುಲೈ 15, ಸೋಮವಾರ

ಕೆಟ್ಟದ್ದು ಏನೂ ಇಲ್ಲ! ಏನೂ ಇಲ್ಲ! ಏನೂ ಇಲ್ಲ!

“ಉಜ್ಜಿ ಉಜ್ಜಿ ಆಗಿರೋ ಹುಣ್ಣು ಅಷ್ಟೇ” ಎಂದರು ಡಾಕ್ಟರಮ್ಮ. “ಏನೋ ಚೂಪಾಗಿರೋದು ಒಂದೇ ಕಡೆ ತಾಗ್ತಾ ಇದೆ. ನಿಜವಾಗ್ಲೂ ಸೆಟ್ಟು ಹಾಕ್ಕೊಳ್ತಿರ್ಲಿಲ್ವಾ ಅಜ್ಜಿ?” ಅಮ್ಮ ಮೇಲಿನ ಫ್ಯಾನು ನೋಡಿದಳು. ನಾನು ಜೇಬಿನಿಂದ ಸೆಟ್ಟು ತೆಗೆದು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಸನ್ಮಾನ, ನಾಲ್ಕನೇ ಸಾಲು, ಸೂಜಿ, ರುಜು. ಡಾಕ್ಟರಮ್ಮ ಚುಕ್ಕೆಯ ಮೇಲೆ ಬೆರಳಿಟ್ಟು ನೋಡಿ, ನಗಬಾರದು ಎಂದು ತಡೆದುಕೊಂಡರೂ ನಕ್ಕೇಬಿಟ್ಟರು. “ಇನ್ಮೇಲೆ ರುಜು ಮಾಡೋದಿದ್ರೆ ಕಾಗದದ ಮೇಲೆ ಮಾಡಿ” ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಐವತ್ತೆರಡು ವಯಸ್ಸಿನವನು, ಜನ ಓಡಾಡುವ ಜಾಗ. ಹೆಂಡತಿ ನೀರಿನ ಬಾಟಲಿ ಕೊಟ್ಟಳು. ಅಮ್ಮ ನನ್ನ ತಲೆ ಸವರಿದಳು. “ಹೋಗ್ಲಿ ಬಿಡೋ, ಕ್ಯಾನ್ಸರ್ ಇಲ್ಲ ಅಂದ್ರೆ ಇನ್ನೇನಿದ್ರೇನು” ಎಂದಳು. ಅವಳೇ ರೋಗಿ ಎನ್ನುವುದು ನಮಗೆಲ್ಲ ಮರೆತೇ ಹೋಗಿತ್ತು. ಎದೆಯ ಮೇಲೆ ಮೂರು ವಾರದಿಂದ ಕೂತಿದ್ದ ಬಂಡೆ ಇಳಿಯಿತು. ಮನೆಗೆ ಬಂದು ನಾಲ್ಕು ಗಂಟೆ ನಿದ್ದೆ ಹೊಡೆದೆ.

ಎದ್ದ ಮೇಲೆ ನೆನಪಾಯಿತು. ಇನ್ನೂ ಹದಿನೆಂಟು ಬಾಯಿಗಳಿವೆ.

ಜುಲೈ 16, ಮಂಗಳವಾರ

ಡಾಕ್ಟರ ಮುಂದೆ ನಿಂತು ಹೇಳುವುದು ಆಸ್ಪತ್ರೆಯಲ್ಲಿ ಹೇಳಿದಷ್ಟು ಸುಲಭವಾಗಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಅವರ ಬಾಗಿಲ ತನಕ ಹೋಗಿ ವಾಪಸು ಬಂದೆ. ನಾಲ್ಕನೇ ಸಲ ಅವರೇ, “ಏನ್ ಮೇಸ್ತ್ರಿ, ಕಾಲು ನೋವಾ? ಬನ್ನಿ” ಎಂದರು.

ಹೇಳಿದೆ. ಕೆಲಸದಿಂದ ತೆಗೆದರೆ ತೆಗೆಯಲಿ ಎಂದು ತೀರ್ಮಾನಿಸಿಯೇ ಹೋಗಿದ್ದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ಪ್ರತಿಯೊಬ್ಬರನ್ನೂ ಕೂರಿಸ್ಕೊಂಡು ಎಲ್ಲಿ ಒತ್ತುತ್ತೆ ಅಂತ ನಾನು ನೋಡ್ಬೇಕಿತ್ತು. ಅವತ್ತು ಹದಿನೆಂಟು ಜನಕ್ಕೂ ಹಾಕಿ, ಫೋಟೋ ತೆಗೆಸ್ಕೊಂಡು, ಒಂದು ಗಂಟೇಲಿ ಮುಗಿಸಿ ಬಂದ್ಬಿಟ್ಟೆ. ಚುಚ್ಚುತ್ತೆ ಅಂದ್ರೆ ಅಭ್ಯಾಸ ಆಗ್ಬೇಕು ಅಂದೆ” ಎಂದರು. ಮೇಜಿನ ಮೇಲಿನ ಫಲಕವನ್ನು ಒಮ್ಮೆ ನೋಡಿ ಪಕ್ಕಕ್ಕೆ ಸರಿಸಿದರು. “ನಾಳೆ ಸೆಟ್ಟು ಉಜ್ಜೋ ಮೋಟರು ತಗೊಂಡು ಬನ್ನಿ. ಇಬ್ಬರೂ ಹೋಗೋಣ.”

ಜುಲೈ 17, ಬುಧವಾರ

ಆಶ್ರಮದ ಊಟದ ಹಾಲಿನಲ್ಲಿ ಮೂಲೆಯ ಮೇಜು ಕೊಟ್ಟರು. ಡಾಕ್ಟರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಯಿ ನೋಡುವುದು, ಹುಣ್ಣಿಗೆ ಔಷಧಿ ಹಚ್ಚುವುದು. ನಾನು ಸೆಟ್ಟು ತೊಳೆದು, ಚುಕ್ಕೆ ಉಜ್ಜಿ, ಪಾಲಿಶ್ ಮಾಡಿ, ಮತ್ತೆ ತೊಳೆದು ಕೊಡುವುದು. ಒಬ್ಬರದು ಇನ್ನೊಬ್ಬರಿಗೆ ಹೋಗದಂತೆ ಬಟ್ಟಲುಗಳಿಗೆ ನಂಬರು ಚೀಟಿ. ಹದಿನೆಂಟು ಜನರಲ್ಲಿ ಹನ್ನೊಂದು ಜನಕ್ಕೆ ಹುಣ್ಣು. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಜೇಬಿನಲ್ಲಿ ಸೆಟ್ಟು ಇಟ್ಟುಕೊಂಡು ಓಡಾಡುವವರು ಹಿಂದೆ ರೈಲು ಓಡಿಸುತ್ತಿದ್ದವರಂತೆ. ಕರವಸ್ತ್ರದಲ್ಲಿ ಸುತ್ತಿದ್ದನ್ನು ಬಿಚ್ಚಿ ನನ್ನ ಕೈಗಿತ್ತು, “ನೋಡಪ್ಪಾ, ಬ್ರೇಕು ಬಿಗಿಯಾಗಿದೆ” ಎಂದರು. ಸರಿಮಾಡಿ ಕೊಟ್ಟೆ. ಹಾಕಿಕೊಂಡು, ದವಡೆ ಆಡಿಸಿ, ಸ್ವಲ್ಪ ಹೊತ್ತು ಏನೋ ಕಾಯುತ್ತಿರುವವರ ಹಾಗೆ ಕೂತರು. “ಚುಚ್ತಿಲ್ಲ!” ಎಂದು ಕೂಗಿದರು. ಆಮೇಲೆ ಪಕ್ಕದ ಅಜ್ಜಿಯ ಹತ್ತಿರ, “ಡಾಕ್ಟರು ದೊಡ್ಡ ಮನುಷ್ಯ. ಮರೀದೆ ಬಂದ್ರು ನೋಡಿ” ಎನ್ನುತ್ತಿದ್ದರು. ಡಾಕ್ಟರು, “ಅಲ್ಲ, ಇದನ್ನೆಲ್ಲ ಮಾಡಿದ್ದು ಇವರು, ನಮ್ಮ...” ಎಂದು ಏನೋ ಹೇಳಲು ಹೊರಟರು. ಹನ್ನೆರಡನೇ ಸೆಟ್ಟಿನ ಚುಕ್ಕೆ ಅಂಚಿಗೆ ತೀರ ಹತ್ತಿರವಿತ್ತು, ಕೈ ಜಾರಿದರೆ ಅಂಚೇ ಹೋಗುತ್ತಿತ್ತು. ನಾನು ಮೋಟರು ಒತ್ತಿದೆ. ಏನು ಹೇಳಿದರೋ ಆ ಸದ್ದಿನಲ್ಲಿ ಕೇಳಲಿಲ್ಲ.

ಹದಿನೆಂಟೂ ಮುಗಿದಾಗ ಸಂಜೆ ಐದು. ಬಟ್ಟೆಯೆಲ್ಲ ಗುಲಾಬಿ ಪುಡಿ. ಹಸಿವು ಅಂದರೆ ಹಸಿವು. ಇಷ್ಟು ಹಗುರಾಗಿ ನಡೆದು ಎಷ್ಟು ವರ್ಷವಾಗಿತ್ತೋ.

ಜುಲೈ 21, ಭಾನುವಾರ

ಹುಣ್ಣು ಮಾಯುತ್ತಿದೆ. ಬಿಳಿ ಅಂಚು ಹೋಗಿ ಗುಲಾಬಿ ಬಂದಿದೆ. ಅಮ್ಮ ಮೆತ್ತಗಿನ ಅನ್ನ ಎರಡು ಸಲ ಬಡಿಸಿಕೊಂಡಳು.

ಅಕ್ಕ, ಭಾವ ಬಂದಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಭಾವ ಈಗ ಗಂ‌ಟು, ಬಿಡುಗಡೆ ಎಂದು ಒಂದು ಗಂಟೆ ಹಿಡಿಯುತ್ತಾರೆ ಎಂದುಕೊಂಡಿದ್ದೆ. “ನಾನು ನಲವತ್ತು ವರ್ಷ ಪಾಠ ಮಾಡಿದ್ದನ್ನ ನೀನು ಸಾಸಿವೆಯಷ್ಟಕ್ಕೆ ಇಳಿಸಿಬಿಟ್ಟೆಯಲ್ಲಯ್ಯಾ” ಎಂದರು, ಅಷ್ಟೇ. ಮುಂದಿನ ಉಪನ್ಯಾಸಕ್ಕೆ ಈ ಉದಾಹರಣೆ ಬಳಸಿಕೊಳ್ಳಬಹುದೇ ಎಂದು ಕೇಳಿದರು. ನನ್ನ ಹೆಸರು ಹೇಳುವುದಿಲ್ಲವಂತೆ. ಬಳಸಿಕೊಳ್ಳಿ ಎಂದೆ. “ಹೆಸರು ಬೇಡ್ವೇ ಬೇಡ್ವಾ ನಿಂಗೆ?” ಎಂದು ಅಕ್ಕ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಜುಲೈ 28, ಭಾನುವಾರ

ವಾರವಿಡೀ ಡೈರಿ ತೆರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ನಿಮ್ಮ ಗೊಣಗಾಟ ಖಾಲಿಯಾಯ್ತಾ ಎಂದು ಹೆಂಡತಿ ಕೇಳುತ್ತಾಳೆ.

ಅಮ್ಮನಿಗೆ ಇನ್ನೊಂದು ಹೊಸ ಸೆಟ್ಟು ಮಾಡಿದೆ. ಅಳತೆ ಡಾಕ್ಟರೇ ತೆಗೆದರು, ನಿನ್ನೆ ಅವರೇ ಕೂರಿಸಿ, ನೇರಳೆ ಪೆನ್ಸಿಲ್ ಹಚ್ಚಿ, ಎರಡು ಕಡೆ ಉಜ್ಜಿಸಿದರು. “ಇಲ್ಲಿ ಇನ್ನೊಂದು ಕೂದಲೆಳೆ ತೆಗೀರಿ ಮೇಸ್ತ್ರಿ” ಎಂದರು. ತೆಗೆದೆ. ಸರಿಯಾಗಿಯೇ ಹೇಳಿದ್ದರು.

ಇವತ್ತು ಬೆಳಿಗ್ಗೆ ಅಮ್ಮ ಸೆಟ್ಟನ್ನು ತೊಳೆಯುತ್ತ, ತಿರುಗಿಸಿ, ಎಡಬದಿಯ ಒಳಮೈ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೆ ಆಡಿಸಿದಳು.

“ಇದ್ರಲ್ಲಿ ಇಲ್ವಲ್ಲೋ?”

“ಏನಮ್ಮ?”

“ಅದೇ, ಆ ಚುಕ್ಕೆ. ಅದ್ರಲ್ಲಿ ಮೊದಲನೇ ದಿನವೇ ಬೆರಳಿಗೆ ಸಿಕ್ಕಿತ್ತು. ದಿನಾ ತೊಳೆಯೋಳು ನಾನಲ್ವಾ.”

“ಗೊತ್ತಿತ್ತಾ ನಿಂಗೆ? ಮತ್ತೆ ಹೇಳೋದಲ್ವೇನಮ್ಮ?”

“ನೀನು ಇಟ್ಟಿದ್ದು ಅಂದ್ಮೇಲೆ ಬೇಕಾಗೇ ಇಟ್ಟಿರ್ತೀಯ ಅಂದ್ಕೊಂಡೆ. ನನ್ನ ಒಳ್ಳೇದಕ್ಕೇ ಇರ್ಬೇಕು ಅಂತ.”

ಅಮ್ಮ ಸೆಟ್ಟನ್ನು ಬಾಯಿಗೆ ಹಾಕಿಕೊಂಡು, ಬುಟ್ಟಿಯಿಂದ ಒಂದು ಸೇಬು ಎತ್ತಿ, ಕತ್ತರಿಸಿ ಕೊಡಲು ಚಾಕು ಹಿಡಿದು ಬಂದ ಸೊಸೆಯನ್ನು ಕೈಯಲ್ಲೇ ತಡೆದು, ಸಿಪ್ಪೆಯ ಸಮೇತ ಕಚ್ಚಿದಳು. ಕಟ್ ಎಂದು ಸದ್ದಾಯಿತು. ಕಣ್ಣು ಮುಚ್ಚಿ ಅಗಿದಳು, ಎಡಕ್ಕೂ ಅಗಿದಳು, ಬಲಕ್ಕೂ ಅಗಿದಳು.

“ಹಲ್ಲು ಹಾಕ್ಕೊಂಡಿದ್ದೀನಿ ಅನ್ನೋದೇ ಮರೆತುಹೋಗುತ್ತೆ” ಎಂದಳು. ಆಮೇಲೆ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ನನ್ನನ್ನು ಕೆಣಕಲೆಂದೇ ಕೇಳಿದಳು. “ಯಾರು ಮಾಡಿದ್ದೋ ಇದನ್ನ?”

“ಯಾರೋ ಮೇಸ್ತ್ರಿಯಂತೆ” ಎಂದೆ.

ಹೆಂಡತಿ ಎರಡನೇ ಸೇಬು ತೊಳೆದು ತಂದಳು.